ಗ್ಯಾಸ್ ಲೀಕ್ ಆಗಿರಲೇ ಇಲ್ಲ: ಹಳೆ ಕಾರಿನ ಎಸಿಯೂ ತೊಂಬತ್ತು ವರ್ಷಗಳ ಒಂದು ತಪ್ಪು ಅಂದಾಜೂ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿ ಹಾಗೇ ಇರಲಿ ಅಂತ, ಓದಿಗೆ ಬೇಕಾದಷ್ಟು ಮಾತ್ರ ತಿದ್ದಿದ್ದೇವೆ.)

ಈ ಸರಣಿಯಲ್ಲಿ ಸುರಪುರದ ನಾಯಕರ ಬಗ್ಗೆ, ಟೇಲರ್ ಸಾಹೇಬರ ಬಗ್ಗೆ ಮಾತಾಡಿದ್ದೀವಿ. ಇವತ್ತು ರಾಜರಿಲ್ಲ, ಯುದ್ಧ ಇಲ್ಲ. ಒಂದು ಹಳೆ ಕಾರಿದೆ, ಅದರ ಎಸಿ ಇದೆ. ಜೊತೆಗೆ ನಮ್ಮ ಕಡೆಯ ಪ್ರತಿ ಗ್ಯಾರೇಜಿನಲ್ಲೂ ಕೇಳಿಬರೋ ಒಂದು ಮಾತಿದೆ: "ಗ್ಯಾಸ್ ಲೀಕ್ ಆಗ್ಯಾದ್ರಿ." ಆ ಮಾತಿಗೂ ಒಂದು ಇತಿಹಾಸ ಇದೆ ಅಂತ ನನಗೆ ಗೊತ್ತಾಗಿದ್ದು ಸುಮಾರು ದುಡ್ಡು ಹೋದಮೇಲೆ. ದುಡ್ಡು ಹೋದರೆ ಹೋಗಲಿ, ಅದಕ್ಕಿಂತ ದೊಡ್ಡದೊಂದು ಹೋಗೋದರಲ್ಲಿತ್ತು. ಅದನ್ನೇ ಮೊದಲು ಹೇಳ್ತೀನಿ.

ನಮ್ಮೂರು ದೇವಾಪುರ. ಯಾದಗಿರಿ ಜಿಲ್ಲೆ, ಸುರಪುರ ತಾಲೂಕು. ಬೀದರ್–ಶ್ರೀರಂಗಪಟ್ಟಣ ಹೆದ್ದಾರಿಯಲ್ಲಿ ಸುರಪುರ ದಾಟಿ ತಿಂಥಣಿ ಕಡೆಗೆ ಹೋಗುವಾಗ ಸಿಗುತ್ತೆ. ಸಾಹಿತ್ಯ ಓದಿದವರಿಗೆ ಈ ಹೆಸರು ಬೇರೆ ಕಾರಣಕ್ಕೆ ಗೊತ್ತಿರಬಹುದು. ಜೈಮಿನಿ ಭಾರತ ಬರೆದ ಲಕ್ಷ್ಮೀಶನ ಊರು ಕಡೂರು ತಾಲೂಕಿನ ದೇವನೂರು ಅಂತ ಹಲವರು ಹೇಳ್ತಾರೆ. ಅಲ್ಲ, ಸುರಪುರದ ದೇವಾಪುರ ಅಂತ ನಮ್ಮ ಕಡೆಯವರು ಹೇಳ್ತಾರೆ. ಆ ಚರ್ಚೆಗೆ ಈಗ ಹೋಗಲ್ಲ. ಹೆಸರು ಹೋಲುತ್ತೆ ಅನ್ನೋದಷ್ಟರಿಂದಲೇ ಊರು ತೀರ್ಮಾನ ಮಾಡಕ್ಕಾಗಲ್ಲ ಅನ್ನೋದನ್ನ ಮಾತ್ರ ನೆನಪಿಟ್ಟುಕೊಳ್ಳಿ. ಕಾರಿನ ವಿಷಯದಲ್ಲೂ ಅದೇ ಆಯ್ತು.

ನಮ್ಮಪ್ಪನಿಗೆ ಕಿಡ್ನಿ ತೊಂದರೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕಲಬುರಗಿಗೆ ಹೋಗಬೇಕು. ಸುರಪುರ, ಶಹಾಪುರ, ಜೇವರ್ಗಿ ದಾಟಿ ಹೋಗೋ ದಾರಿ. ಬೇಸಿಗೆಯಲ್ಲಿ ನಮ್ಮ ಕಡೆ 42 ಡಿಗ್ರಿ ಅಂದ್ರೆ ಯಾರೂ ಹುಬ್ಬೇರಿಸಲ್ಲ. ಕ್ರೂಸರ್‌ನಲ್ಲೋ ಬಸ್ಸಿನಲ್ಲೋ ಅವರನ್ನ ಕರ್ಕೊಂಡು ಹೋಗೋದು ಆಗಲ್ಲ ಅಂತ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. 2001ರ ಮಾಡೆಲ್. ಯಾವ ಕಂಪನಿ ಅಂತ ಹೇಳಲ್ಲ, ತಪ್ಪು ಕಾರಿನದ್ದಲ್ಲ. ತಗೊಂಡಿದ್ದೇ ಎಸಿ ಇದೆ ಅಂತ.

ಇಲ್ಲೊಂದು ಸಂಗತಿ ಹೇಳಲೇಬೇಕು. ಡಯಾಲಿಸಿಸ್ ಮಾಡಿಸೋರು ಬಾಯಾರಿಕೆ ಆದಷ್ಟು ನೀರು ಕುಡಿಯೋ ಹಾಗಿಲ್ಲ. ಕುಡಿದ ನೀರು ಮೈಯಲ್ಲೇ ಉಳಿಯುತ್ತೆ. ಹಾಗಾಗಿ ಸೆಕೆ ಅನ್ನೋದು ಅವರಿಗೆ ಬರೀ ತ್ರಾಸ ಅಲ್ಲ. ನಮಗೆ ಬಾಯಾರಿದರೆ ಬಾಟಲಿ ಎತ್ತುತ್ತೀವಿ. ಅವರು ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಕೂತಿರಬೇಕು.

ಮೂರು ಗ್ಯಾರೇಜು, ಮೂರು ಲೀಕು

ಮಾರ್ಚ್‌ನಲ್ಲಿ ಶುರುವಾಯ್ತು. ಹೆದ್ದಾರಿಯಲ್ಲಿ ಗಾಡಿ ಓಡ್ತಿದ್ದಾಗ ಎಸಿ ತಣ್ಣಗೆ ಬರೋದು. ಶಹಾಪುರದ ಊರೊಳಗೆ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿಹಾಕೊಂಡ ಕೂಡಲೇ ಬಿಸಿ ಗಾಳಿ. ಮೊದಲ ಗ್ಯಾರೇಜಿನವರು ಗೇಜ್ ಹಚ್ಚಿದರು. ಕಂಪ್ರೆಸರ್ ಹತ್ತೋದು, ಆರೋದು, ಹತ್ತೋದು, ಆರೋದು. "ಗ್ಯಾಸ್ ಕಮ್ಮಿ ಅದ, ಅದಕ್ಕ ಕಟ್ ಆಗ್ಲತ್ತದ," ಅಂದರು. ಗ್ಯಾಸ್ ಹಾಕಿದರು. ವಾಪಸ್ ಬರುವಾಗ ರಾತ್ರಿ ಎಂಟಾಗಿತ್ತು, ಕಾರು ತಂಪಾಗಿತ್ತು. ಸರಿ ಹೋಯ್ತು ಅಂದುಕೊಂಡೆ. ರಾತ್ರಿ ಎಂಟಕ್ಕೆ ಯಾವ ಕಾರಾದರೂ ಸ್ವಲ್ಪ ತಂಪಾಗೇ ಇರುತ್ತೆ ಅಂತ ಹೊಳೀಲಿಲ್ಲ.

ವಾರದಲ್ಲಿ ಮತ್ತೆ ಅದೇ ಕಥೆ. ಎರಡನೇ ಗ್ಯಾರೇಜಿನವರು ಕಂಪ್ರೆಸರ್ ಮೇಲೆ ಎಣ್ಣೆ ಜಿಡ್ಡು ತೋರಿಸಿದರು. "ನೋಡ್ರಿ, ಶಾಫ್ಟ್ ಸೀಲ್ ಹೋಗ್ಯಾದ." ಸೀಲ್ ಬದಲಾಯ್ತು, ಹೊಸ ಗ್ಯಾಸ್ ಬಿತ್ತು. ಆಮೇಲೆ ಒಂದು ದಿನ ಅಪ್ಪ ಕೂರೋ ಕಡೆ ಕಾಲ ಕೆಳಗಿನ ಮ್ಯಾಟ್ ಒದ್ದೆ. ಮೂರನೆಯವರು ಹೇಳಿದರು: "ಕೂಲಿಂಗ್ ಕಾಯಿಲ್ ತೂತು ಬಿದ್ದದ." ಇಡೀ ಡ್ಯಾಶ್‌ಬೋರ್ಡ್ ಬಿಚ್ಚಿದರು. ಹೊಸ ಕಾಯಿಲ್, ಹೊಸ ಗ್ಯಾಸ್. ಎರಡು ವಾರ ಬಿಟ್ಟು "ಇನ್ನಷ್ಟು ಬೇಕಾಗ್ತದ" ಅಂತ ಮತ್ತೊಂದಿಷ್ಟು. ಇಷ್ಟೊತ್ತಿಗೆ 20,000 ರೂಪಾಯಿ ದಾಟಿತ್ತು. ಡ್ಯಾಶ್‌ಬೋರ್ಡ್ ಗಡಗಡ ಅನ್ನೋದು ಬೇರೆ ಶುರುವಾಗಿತ್ತು.

ಏಪ್ರಿಲ್ ಕೊನೆಗೆ ಒಂದು ದಿನ ಡಯಾಲಿಸಿಸ್ ಮುಗಿಸಿ ವಾಪಸ್ ಬರ್ತಿದ್ವಿ. ರಸ್ತೆ ಕೆಲಸ ನಡೀತಿತ್ತು, ಗಾಡಿಗಳ ಸಾಲು ನಿಂತಿತ್ತು. ಮಧ್ಯಾಹ್ನ ಎರಡೂವರೆ. ಎಸಿಯಿಂದ ಬರ್ತಿದ್ದಿದ್ದು ಒಲೆಯ ಮುಂದಿನ ಗಾಳಿ. ಡಯಾಲಿಸಿಸ್ ಆದಮೇಲೆ ಬಿಪಿ ಇಳಿಯೋದು ಸಾಮಾನ್ಯ, ಮೇಲಿಂದ ಈ ಸೆಕೆ. ಅಪ್ಪ ಒಂದೇ ಮಾತು ಹೇಳಿದರು: "ಕಾಚ ಇಳಸೋ ತಮ್ಮಾ, ಹೊರಗಿನ ಗಾಳಿನ ಛಲೋ ಅದ." ಅಷ್ಟು ಹೇಳಿ ಕತ್ತು ವಾಲಿಸಿದರು.

ಗಾಡಿ ಪಕ್ಕಕ್ಕೆ ಹಾಕಿ ಬೇವಿನ ಮರದ ಕೆಳಗೆ ಮಲಗಿಸಿ, ಒದ್ದೆ ಟವೆಲ್ ಮೈಮೇಲೆ ಹಾಕಿ, ಕಾಲು ಎತ್ತರಕ್ಕೆ ಇಟ್ಟೆ. ಇಪ್ಪತ್ತು ನಿಮಿಷಕ್ಕೆ ಕಣ್ಣು ಬಿಟ್ಟು ಸರಿಯಾಗಿ ನೋಡಿದರು. ಆ ಇಪ್ಪತ್ತು ನಿಮಿಷ ಎಷ್ಟು ಉದ್ದ ಇತ್ತು ಅಂತ ಹೇಳಕ್ಕಾಗಲ್ಲ. ಹೊಳ್ಳಿ ಕಲಬುರಗಿಗೇ ಗಾಡಿ ತಿರುಗಿಸಿದೆ.

ಮೂಗೇ ಯಂತ್ರವಾಗಿದ್ದ ಕಾಲ

ಕಲಬುರಗಿಯಲ್ಲಿ ಏನಾಯ್ತು ಅನ್ನೋದಕ್ಕೆ ಮುಂಚೆ ನಿಮ್ಮನ್ನ ಸ್ವಲ್ಪ ಹಿಂದಕ್ಕೆ ಕರ್ಕೊಂಡು ಹೋಗಬೇಕು. ಯಾಕಂದ್ರೆ ಆ ಮೂರು ಗ್ಯಾರೇಜಿನವರು ಮೋಸಗಾರರಲ್ಲ. ಒಂದು ಕಾಲಕ್ಕೆ ಸರಿಯಾಗಿದ್ದ ಉತ್ತರವನ್ನೇ ಅವರು ಕೊಡ್ತಿದ್ದರು. ಆ ಕಾಲ ಹೋಗಿತ್ತು, ಅಷ್ಟೇ.

1920ರ ದಶಕದವರೆಗೆ ಫ್ರಿಜ್‌ಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಬಳಸ್ತಿದ್ದರು. ಮೂರೂ ವಿಷ. ಅಮೋನಿಯಾ, ಸಲ್ಫರ್ ಡೈಆಕ್ಸೈಡ್ ಸೋರಿದರೆ ಯಂತ್ರ ಏನೂ ಬೇಕಿರಲಿಲ್ಲ, ಮೂಗೇ ಹೇಳೋದು. ಮೀಥೈಲ್ ಕ್ಲೋರೈಡ್ ಮಾತ್ರ ಅಷ್ಟು ಸುಲಭವಾಗಿ ಗೊತ್ತಾಗ್ತಿರಲಿಲ್ಲ. ಇದರಿಂದ ಜನ ಸತ್ತಿದ್ದೂ ಇದೆ. ಆಲ್ಬರ್ಟ್ ಐನ್‌ಸ್ಟೈನ್ ಮತ್ತು ಲಿಯೋ ಜಿಲಾರ್ಡ್ ಸೇರಿಕೊಂಡು ಓಡಾಡೋ ಭಾಗಗಳೇ ಇಲ್ಲದ, ಸೀಲ್ ಸೋರೋ ಭಯ ಇಲ್ಲದ ಫ್ರಿಜ್ ವಿನ್ಯಾಸ ಮಾಡಿ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದರು ಅಂದ್ರೆ ಸೋರಿಕೆ ಎಷ್ಟು ದೊಡ್ಡ ತಲೆನೋವಾಗಿತ್ತು ನೋಡಿ.

ಅದೇ ಹೊತ್ತಿಗೆ ಜನರಲ್ ಮೋಟರ್ಸ್‌ಗೆ ಸೇರಿದ ಫ್ರಿಜಿಡೇರ್ ಕಂಪನಿಗಾಗಿ ಥಾಮಸ್ ಮಿಡ್ಗ್ಲಿ ಮತ್ತು ಜೊತೆಗಾರರು ಹೊಸ ಅನಿಲ ಹುಡುಕಿದರು. ಅದೇ ಕ್ಲೋರೋಫ್ಲೋರೋಕಾರ್ಬನ್, ಸಿಎಫ್‌ಸಿ. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಮಿಡ್ಗ್ಲಿ ಅದನ್ನ ಎದೆತುಂಬ ಎಳೆದುಕೊಂಡು ಉರೀತಿದ್ದ ಮೇಣದಬತ್ತಿ ಮೇಲೆ ಊದಿದ. ಬತ್ತಿ ಆರಿತು, ಆತನಿಗೆ ಏನೂ ಆಗಲಿಲ್ಲ. ವಿಷ ಅಲ್ಲ, ಹೊತ್ತಿಕೊಳ್ಳಲ್ಲ ಅಂತ ಒಂದೇ ಉಸಿರಲ್ಲಿ ತೋರಿಸಿಬಿಟ್ಟ. ಆಮೇಲೆ ಕಾರುಗಳಲ್ಲಿ ಬಳಕೆಗೆ ಬಂದ ಆರ್-12 ಇದೇ ಕುಟುಂಬದ್ದು.

ಆದರೆ ಇದಕ್ಕೆ ವಾಸನೆ ಇಲ್ಲದಷ್ಟು ಕಡಿಮೆ. ಸೋರಿದರೂ ಗೊತ್ತಾಗಲ್ಲ. ಹಾಗಾಗಿ ಮೂಗಿನ ಬದಲು ಒಂದು ಉಪಕರಣ ಬಂತು: ಹ್ಯಾಲೈಡ್ ಟಾರ್ಚ್. ಸಣ್ಣ ಗ್ಯಾಸ್ ದೀಪ, ಒಳಗೊಂದು ತಾಮ್ರದ ತುಂಡು, ಗಾಳಿ ಎಳೆಯೋಕೆ ಒಂದು ರಬ್ಬರ್ ನಳಿಕೆ. ನಳಿಕೆ ತುದಿಯನ್ನ ಪೈಪಿನ ಜೋಡಣೆಗಳ ಹತ್ತಿರ ಹಿಡೀತಾ ಹೋಗಬೇಕು. ಆರ್-12 ಸೋರ್ತಿದ್ದರೆ ಅದರೊಳಗಿನ ಕ್ಲೋರಿನ್ ಕಾದ ತಾಮ್ರಕ್ಕೆ ತಾಗಿ ಜ್ವಾಲೆ ಹಸಿರಾಗುತ್ತೆ. ದಶಕಗಳ ಕಾಲ ಮೆಕ್ಯಾನಿಕ್‌ಗಳ ಕಣ್ಣು ಇದೇ. ಈ ಹಸಿರು ಜ್ವಾಲೆಯನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಪ್ಯಾಕರ್ಡ್‌ನಿಂದ ಮಾರುತಿವರೆಗೆ

ಕಾರ್ಖಾನೆಯಲ್ಲೇ ಎಸಿ ಕೂರಿಸಿಕೊಂಡು ಬಂದ ಮೊದಲ ಕಾರು ಅಮೆರಿಕದ ಪ್ಯಾಕರ್ಡ್, 1940ರ ಮಾಡೆಲ್. ಅರ್ಧ ಡಿಕ್ಕಿ ಎಸಿಯೇ ತುಂಬಿಕೊಂಡಿತ್ತು. ಕಂಪ್ರೆಸರ್‌ಗೆ ಕ್ಲಚ್ ಇರಲಿಲ್ಲ. ಎಸಿ ಬೇಡ ಅಂದ್ರೆ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ ಬೆಲ್ಟ್ ಬಿಚ್ಚಬೇಕಿತ್ತು. 1954ರಲ್ಲಿ ನ್ಯಾಶ್ ಕಂಪನಿ ಎಲ್ಲವನ್ನೂ ಕಾರಿನ ಮುಂಭಾಗಕ್ಕೆ ತಂದಮೇಲೆ ಈಗ ನಾವು ನೋಡೋ ರೂಪ ಬಂತು.

ನಮ್ಮ ದೇಶದಲ್ಲಿ ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಎಸಿ ಅಂದ್ರೆ ಡ್ಯಾಶ್‌ಬೋರ್ಡ್ ಕೆಳಗೆ ನೇತಾಡೋ ಒಂದು ಪೆಟ್ಟಿಗೆ, ಅದೂ ಕೆಲವೇ ಜನರಿಗೆ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. 1985ರಲ್ಲಿ ಜಪಾನಿನ ಡೆನ್ಸೊ ಮತ್ತು ಸುಜುಕಿ ಸಹಯೋಗದಲ್ಲಿ ಸುಬ್ರೋಸ್ ಕಂಪನಿ ಶುರುವಾಗಿ ಕಾರಿನ ಎಸಿ ಇಲ್ಲೇ ತಯಾರಾಗೋಕೆ ಆರಂಭವಾಯ್ತು. ಅಲ್ಲಿಂದ ಮಧ್ಯಮ ವರ್ಗದ ಕಾರಿಗೂ ಎಸಿ ಬಂತು. ತೊಂಬತ್ತರ ದಶಕದಲ್ಲಿ ಕಲಬುರಗಿ, ರಾಯಚೂರಿನಂಥ ಊರುಗಳಲ್ಲೂ 'ಕಾರ್ ಎಸಿ' ಅಂತ ಬೋರ್ಡ್ ಕಾಣಿಸಿದವು. ಕೆಲಸ ಕಲಿತವರಲ್ಲಿ ಬಹಳಷ್ಟು ಜನ ಹೈದರಾಬಾದ್‌ನಿಂದ ಬಂದವರು.

ಆ ಕಾಲದ ಆರ್-12 ಎಸಿಗಳು ನಿಜಕ್ಕೂ ಸೋರುತ್ತಿದ್ದವು. ಪೈಪು ಸಾದಾ ರಬ್ಬರಿನದು. ತೂತೇ ಇಲ್ಲದಿದ್ದರೂ ರಬ್ಬರಿನ ಮೈಯಿಂದಲೇ ಅನಿಲ ನಿಧಾನಕ್ಕೆ ಹೊರಗೆ ಹೋಗೋದು. ಕಂಪ್ರೆಸರ್ ಶಾಫ್ಟ್‌ನ ಸೀಲ್ ಎಣ್ಣೆಯ ಪದರದಿಂದ ಕೆಲಸ ಮಾಡುತ್ತೆ. ಚಳಿಗಾಲದಲ್ಲಿ ನಾಕು ತಿಂಗಳು ಎಸಿ ಹಾಕದೇ ಇಟ್ಟರೆ ಪದರ ಒಣಗಿ ಸೋರೋದು. ಆದ್ದರಿಂದ ಬೇಸಿಗೆ ಬಂತು ಅಂದ್ರೆ ಗ್ಯಾಸ್ ಹಾಕಿಸೋದು ಎತ್ತಿಗೆ ಲಾಳ ಹೊಡೆಸಿದ ಹಾಗೆ, ವರ್ಷದ ಖರ್ಚು. ತಂಪು ಕಮ್ಮಿಯಾದರೆ 'ಗ್ಯಾಸ್ ಲೀಕ್' ಅನ್ನೋದು ಆಗ ಹತ್ತರಲ್ಲಿ ಏಳೆಂಟು ಸಲ ಸರಿಯೇ ಇದ್ದಿರಬೇಕು. ಎಷ್ಟು ಹಾಕಬೇಕು ಅನ್ನೋದಕ್ಕೂ ಒಂದು ಸುಲಭ ಉಪಾಯ ಇತ್ತು. ಡ್ರೈಯರ್ ಮೇಲೆ ಒಂದು ಗಾಜಿನ ಕಿಂಡಿ ಇರುತ್ತೆ. ಗುಳ್ಳೆ ಕಂಡರೆ ಗ್ಯಾಸ್ ಕಮ್ಮಿ, ಗುಳ್ಳೆ ಹೋಗಿ ಕಿಂಡಿ ತಿಳಿಯಾದರೆ ಸಾಕು. ತಕ್ಕಡಿ ಬೇಡ, ಲೆಕ್ಕ ಬೇಡ.

ಗ್ಯಾಸ್ ಬದಲಾಯ್ತು, ಕೈ ಬದಲಾಗಲಿಲ್ಲ

1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲಂಡ್ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ನೆಲದ ಮೇಲೆ ಯಾರಿಗೂ ತೊಂದರೆ ಕೊಡದ ಈ ಸಿಎಫ್‌ಸಿ ಮೇಲಕ್ಕೆ ಹೋಗಿ ಅಲ್ಲಿ ಒಡೆದು, ಅದರ ಕ್ಲೋರಿನ್ ಓಝೋನ್ ಪದರವನ್ನ ತಿನ್ನುತ್ತೆ ಅಂತ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಟಿಕದ ಮೇಲೆ ಓಝೋನ್ ವಿಪರೀತ ತೆಳುವಾಗಿದ್ದನ್ನ ಪ್ರಕಟಿಸಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಮೊಲಿನಾ, ರೋಲಂಡ್ ಮತ್ತು ಪಾಲ್ ಕ್ರುಟ್ಜನ್ ಅವರಿಗೆ 1995ರಲ್ಲಿ ನೊಬೆಲ್ ಬಂತು.

ಭಾರತ ಈ ಒಪ್ಪಂದಕ್ಕೆ ಸೇರಿದ್ದು 1992ರಲ್ಲಿ. 2000ದ ಇಸವಿಯಲ್ಲಿ ಇದಕ್ಕೆ ನಿಯಮಗಳು ಬಂದವು. ಅವುಗಳ ಪ್ರಕಾರ 2003ರ ಜನವರಿ 1ರಿಂದ ಹೊಸ ಎಸಿ, ಫ್ರಿಜ್ ತಯಾರಿಕೆಯಲ್ಲಿ ಸಿಎಫ್‌ಸಿ ಬಳಸೋ ಹಾಗಿರಲಿಲ್ಲ. 2008ರ ಆಗಸ್ಟ್‌ನಲ್ಲಿ, ಕೊಟ್ಟ ಗಡುವಿಗಿಂತ 17 ತಿಂಗಳು ಮೊದಲೇ, ಉಸಿರಾಟದ ಇನ್‌ಹೇಲರ್‌ಗೆ ಬೇಕಾದದ್ದೊಂದನ್ನ ಬಿಟ್ಟು ಸಿಎಫ್‌ಸಿ ಉತ್ಪಾದನೆಯನ್ನೇ ದೇಶ ನಿಲ್ಲಿಸಿತು.

ಕಾರಿಗೆ ಬಂದ ಹೊಸ ಗ್ಯಾಸ್ ಆರ್-134ಎ. ಇದರಲ್ಲಿ ಕ್ಲೋರಿನ್ ಇಲ್ಲ. ಓಝೋನ್‌ಗೆ ಒಳ್ಳೇದು. ಆದರೆ ಹಸಿರು ಜ್ವಾಲೆ ನೆನಪಿದೆಯಾ? ಕ್ಲೋರಿನ್ ಇಲ್ಲ ಅಂದ್ರೆ ಹಸಿರೂ ಇಲ್ಲ. ಒಂದೇ ಏಟಿಗೆ ಹಳೆ ಹ್ಯಾಲೈಡ್ ಟಾರ್ಚ್ ಕುರುಡಾಯ್ತು. ಕ್ಲೋರಿನ್ ಹಿಡಿಯೋಕೆ ಮಾಡಿದ್ದ ಹಳೆ ಎಲೆಕ್ಟ್ರಾನಿಕ್ ಉಪಕರಣಗಳೂ ಮಂದವಾದವು. ಹೊಸ ಉಪಕರಣಕ್ಕೆ ದುಡ್ಡು ಬೇಕು. ಇಲ್ಲದವರು ಅಂದಾಜಿನ ಮೇಲೆ ನಿಂತರು.

ಹೊಸ ಗ್ಯಾಸಿಗೆ ಹಳೆ ಮಿನರಲ್ ಎಣ್ಣೆ ಬೆರೆಯಲ್ಲ. ಬೇರೆ ಎಣ್ಣೆ ಬೇಕು. ಓ-ರಿಂಗ್ ರಬ್ಬರ್ ಬೇರೆ. ಪೈಪಿನ ಒಳಗೆ ನೈಲಾನ್ ಪದರ ಇರಬೇಕು. ಗ್ಯಾಸ್ ಹಾಕೋ ಬಾಯಿಯೂ ಬೇರೆ: ಆರ್-12ಕ್ಕೆ ತಿರುಪು ಹಾಕೋ ಬಾಯಿ, 134ಎಗೆ ಒತ್ತಿದರೆ ಕೂರೋ ಬಾಯಿ. ಎರಡು ಗ್ಯಾಸ್ ಬೆರೆಯದಿರಲಿ ಅಂತಲೇ ಹೀಗೆ ಮಾಡಿದ್ದು. ಹಳೆ ಕಾರಿಗೆ ಬರೀ ಬಾಯಿ ಬದಲಿಸಿ ಹೊಸ ಗ್ಯಾಸ್ ತುಂಬಿದ ಕಡೆಯೆಲ್ಲ ಹೊಸ ಸೋರಿಕೆ ಹುಟ್ಟಿದವು.

ಇನ್ನು ಆ ಗಾಜಿನ ಕಿಂಡಿ. 134ಎಯಲ್ಲಿ ಗುಳ್ಳೆ ಪೂರ್ತಿ ಹೋಗೋವರೆಗೆ ತುಂಬಿದರೆ ಗ್ಯಾಸ್ ಜಾಸ್ತಿ ಆಗಿಬಿಡುತ್ತೆ. ಇದನ್ನ ಕಿಂಡಿ ನೋಡಿ ಅಲ್ಲ, ಗ್ರಾಂ ಲೆಕ್ಕದಲ್ಲಿ ತೂಗಿಯೇ ಹಾಕಬೇಕು. ಎಷ್ಟು ಗ್ರಾಂ ಅಂತ ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಬರೆದಿರುತ್ತೆ. ಸರ್ಕಾರ 2004ರ ಹೊತ್ತಿಗೆ ವಿದೇಶಿ ನೆರವಿನೊಂದಿಗೆ ಎಸಿ, ಫ್ರಿಜ್ ಮೆಕ್ಯಾನಿಕ್‌ಗಳಿಗೆ ದೇಶದಾದ್ಯಂತ ತರಬೇತಿ ಶುರು ಮಾಡಿತ್ತು. ಆದರೆ ರಸ್ತೆ ಬದಿಯ ಪ್ರತಿ ಗ್ಯಾರೇಜಿನ ಪ್ರತಿ ಹುಡುಗನಿಗೂ ಅದು ಹೇಗೆ ಮುಟ್ಟಬೇಕು? ಅವನು ಕಲಿಯೋದು ತನ್ನ ಉಸ್ತಾದ್‌ನ ಕೈ ನೋಡಿ. ಉಸ್ತಾದ್ ಕಲಿತಿದ್ದು ಆರ್-12 ಕಾಲದಲ್ಲಿ.

ಚಾಚಾ ಕೇಳಿದ ಒಂದು ಪ್ರಶ್ನೆ

ಈಗ ಕಲಬುರಗಿಗೆ ಬರೋಣ. ಅಪ್ಪನನ್ನ ಆಸ್ಪತ್ರೆಯಲ್ಲಿ ತೋರಿಸಿ, ಸಂಬಂಧಿಕರ ಮನೆಯಲ್ಲಿ ಬಿಟ್ಟು, ಮರುದಿನ ಒಬ್ಬ ವಯಸ್ಸಾದ ಎಸಿ ಮೆಕ್ಯಾನಿಕ್ ಹತ್ತಿರ ಹೋದೆ. ಎಲ್ಲರೂ ಚಾಚಾ ಅಂತಾರೆ, ನಾನೂ ಹಾಗೇ ಕರೀತೀನಿ. ನಾನು ಶುರು ಮಾಡಿದ್ದೇ "ಚಾಚಾ, ಎಸಿ ಗ್ಯಾಸ್ ಲೀಕ್..." ಅಂತ. ಅವರು ಕೈ ಎತ್ತಿ ತಡೆದರು.

"ಲೀಕ್ ಅದನೋ ಇಲ್ಲೋ ನಾ ಹೇಳ್ತೀನಿ. ನೀ ಇಷ್ಟು ಹೇಳು ಬೇಟಾ. ಯಾವಾಗ ತಂಪ ಬರ್ತದ, ಯಾವಾಗ ಬರಂಗಿಲ್ಲ?"

ಎರಡು ತಿಂಗಳಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಓಡುವಾಗ ತಂಪು, ನಿಂತಾಗ ಬಿಸಿ ಅಂದೆ. "ಗ್ಯಾಸ್ ಕಮ್ಮಿ ಇದ್ದರ ಓಡುವಾಗೂ ಕಮ್ಮೀನ ಇರ್ತದಲ್ಲ?" ಅಂದರು.

ಬಾನೆಟ್ ಎತ್ತಿ, ಎಸಿ ಹಾಕಿ, ಗೇಜ್ ಹಚ್ಚಿ ಐದು ನಿಮಿಷ ಸುಮ್ಮನೆ ನಿಂತರು. ಒತ್ತಡ ಏರ್ತಾ ಏರ್ತಾ ಹೋಗಿ ಕಂಪ್ರೆಸರ್ ಕಟ್ ಆಯ್ತು. ಆಗ ಅವರು ಒಂದು ಮಗ್ ನೀರು ತಗೊಂಡು ಮುಂದಿನ ಜಾಲರಿಯೊಳಗಿಂದ ಕಂಡೆನ್ಸರ್ ಮೇಲೆ ಎರಚಿದರು. ಗೇಜಿನ ಮುಳ್ಳು ಇಳೀತು. ಕಂಪ್ರೆಸರ್ ಹತ್ತಿತು. ಒಂದು ನಿಮಿಷದಲ್ಲಿ ಒಳಗೆ ತಣ್ಣನೆ ಗಾಳಿ! ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ.

ಕಾರಣ ಇದು. ಕಾರಿನೊಳಗಿನ ಶಾಖವನ್ನ ಹೊರಗೆ ಬಿಡೋದು ಮುಂದಿರೋ ಕಂಡೆನ್ಸರ್. ಅದಕ್ಕೆ ಗಾಳಿ ಬೇಕು. ಓಡುವಾಗ ಗಾಳಿ ತಾನಾಗೇ ನುಗ್ಗುತ್ತೆ. ನಿಂತಾಗ ಫ್ಯಾನ್ ಊದಬೇಕು. ನಮ್ಮ ಕಾರಿನ ಫ್ಯಾನ್ ಮೋಟರಿನ ಬ್ರಶ್ ಸವೆದು ಅದು ಮನಸ್ಸು ಬಂದಾಗ ತಿರುಗ್ತಿತ್ತು. ಜೊತೆಗೆ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಎರೆಮಣ್ಣಿನ ದೂಳು, ಹತ್ತಿಯ ಎಳೆ ಸೇರಿ ಕಂಬಳಿ ಹೊದಿಸಿದ ಹಾಗಿತ್ತು. ಒತ್ತಡ ವಿಪರೀತ ಏರಿದಾಗ ಒಂದು ಸ್ವಿಚ್ ಕಂಪ್ರೆಸರ್ ನಿಲ್ಲಿಸುತ್ತೆ. ಗ್ಯಾಸ್ ತೀರಾ ಕಮ್ಮಿಯಾದಾಗಲೂ ಅದೇ ಸ್ವಿಚ್ ನಿಲ್ಲಿಸುತ್ತೆ. ಕಣ್ಣಿಗೆ ಕಾಣೋ ಲಕ್ಷಣ ಒಂದೇ, ಕಾರಣ ಪೂರ್ವ–ಪಶ್ಚಿಮ. ಹೆಸರು ಹೋಲುತ್ತೆ ಅಂತ ಊರು ತೀರ್ಮಾನ ಮಾಡಿದ ಹಾಗೆ.

ಆಮೇಲೆ ಚಾಚಾ ಮಷಿನ್ ಹಚ್ಚಿ ಇದ್ದ ಗ್ಯಾಸನ್ನೆಲ್ಲ ಹೊರತೆಗೆದು ತೂಗಿದರು. ಸ್ಟಿಕರ್ ಪ್ರಕಾರ ಇರಬೇಕಾದದ್ದು 650 ಗ್ರಾಂ. ಬಂದದ್ದು 870.

ಲೀಕ್ ಆಗಿದ್ದರೆ ಕಮ್ಮಿ ಇರಬೇಕಿತ್ತು. ಜಾಸ್ತಿ ಇತ್ತು. ಕಿಂಡಿ ತಿಳಿಯಾಗೋವರೆಗೆ ತುಂಬಿ ತುಂಬಿ, ಮೊದಲೇ ಉಬ್ಬಸ ಪಡ್ತಿದ್ದ ಎಸಿಯ ಎದೆ ಮೇಲೆ ಇನ್ನಷ್ಟು ಭಾರ ಹೇರಿದ್ವಿ. ಅಪ್ಪ ವಾಲಿದ ದಿನ ಎಸಿ ಅಷ್ಟು ಕೆಟ್ಟದಾಗಿ ಸೋತಿದ್ದಕ್ಕೆ ನಾವು ಮಾಡಿಸಿದ ರಿಪೇರಿಯೂ ಒಂದು ಕಾರಣ.

ಉಳಿದ ಎರಡು 'ಲೀಕು'ಗಳ ಗುಟ್ಟೂ ಬಯಲಾಯ್ತು. ಕಂಪ್ರೆಸರ್ ಮೇಲಿನ ಜಿಡ್ಡು ಎಸಿ ಎಣ್ಣೆಯದಲ್ಲ, ಅದರ ಮೇಲೆ ಹಾದುಹೋಗೋ ಪವರ್ ಸ್ಟೀರಿಂಗ್ ಪೈಪಿನಿಂದ ತೊಟ್ಟಿಕ್ಕಿದ್ದು. ಮ್ಯಾಟ್ ಒದ್ದೆಯಾಗಿದ್ದು ಕಾಯಿಲ್ ತೂತಾಗಿ ಅಲ್ಲ. ಕಾಯಿಲ್ ಸೋರಿದರೆ ಬರೋದು ಗ್ಯಾಸ್, ನೀರಲ್ಲ. ತಣ್ಣನೆ ಕಾಯಿಲ್ ಮೇಲೆ ಗಾಳಿಯ ತೇವ ಹನಿಯಾಗಿ ಒಂದು ಸಣ್ಣ ನಳಿಕೆಯಿಂದ ರಸ್ತೆಗೆ ಹೋಗಬೇಕು. ಆ ನಳಿಕೆ ಮಣ್ಣಿನಿಂದ ಕಟ್ಟಿತ್ತು. ಒಂದು ತಂತಿಯಿಂದ ಹೋಗೋ ಕೆಲಸಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚಿಸಿದ್ದೆ.

ನಿಜವಾದ ಲೀಕ್ ಹುಡುಕೋದು ಹೇಗೆ

ಹಳೆ ಕಾರು ಸೋರಲ್ಲ ಅಂತ ನಾನು ಹೇಳ್ತಿಲ್ಲ. ಸೋರುತ್ತೆ. ಆದರೆ ಹುಡುಕೋಕೆ ಒಂದು ಕ್ರಮ ಇದೆ. ಚಾಚಾ ಹೇಳಿದ್ದನ್ನ, ನಾನು ಆಮೇಲೆ ಓದಿ ತಿಳ್ಕೊಂಡಿದ್ದನ್ನ ಸೇರಿಸಿ ಹೇಳ್ತೀನಿ.

ಮೊದಲನೇದು, ಎಂಜಿನ್ ಆಫ್ ಇದ್ದಾಗ ಗೇಜ್ ತೋರಿಸೋ ಒತ್ತಡ ನೋಡಿ ಗ್ಯಾಸ್ ಎಷ್ಟಿದೆ ಅಂತ ಹೇಳಕ್ಕಾಗಲ್ಲ. ಒಳಗೆ ಸ್ವಲ್ಪವಾದರೂ ದ್ರವ ಉಳಿದಿರೋವರೆಗೆ ಒತ್ತಡ ನಿರ್ಧಾರ ಆಗೋದು ಹವೆಯ ಬಿಸಿಯಿಂದ. 134ಎಗೆ 35 ಡಿಗ್ರಿಯಲ್ಲಿ ಸುಮಾರು 114 ಪಿಎಸ್‌ಐ, 40ರಲ್ಲಿ ಸುಮಾರು 133. ಒಳಗೆ 300 ಗ್ರಾಂ ಇರಲಿ, 700 ಇರಲಿ, ಅಷ್ಟೇ. ಅಡುಗೆ ಸಿಲಿಂಡರ್ ಅರ್ಧ ಖಾಲಿಯಾದರೂ ಒಲೆ ಮೊದಲಿನ ಹಾಗೇ ಉರಿಯುತ್ತಲ್ಲ, ಹಾಗೆ. ಗ್ಯಾಸ್ ಎಷ್ಟಿದೆ ಅಂತ ತಿಳಿಯೋಕೆ ತೆಗೆದು ತೂಗೋದೇ ಸರಿಯಾದ ದಾರಿ.

ಎರಡನೇದು, 'ವ್ಯಾಕ್ಯೂಮ್ ನಿಂತಿದೆ, ಲೀಕ್ ಇಲ್ಲ' ಅನ್ನೋ ಮಾತು. ವ್ಯಾಕ್ಯೂಮ್ ಮಾಡಿದಾಗ ಹೊರಗಿನ ಗಾಳಿ ಒಳಗೆ ಒತ್ತೋದು ಹೆಚ್ಚೆಂದರೆ 14.7 ಪಿಎಸ್‌ಐ. ಎಸಿ ಓಡುವಾಗ ಗ್ಯಾಸ್ ಒಳಗಿನಿಂದ ಹೊರಗೆ ಒತ್ತೋದು 200ಕ್ಕೂ ಮೇಲೆ. ದಿಕ್ಕೂ ಬೇರೆ, ಬಲವೂ ಬೇರೆ. ಕೆಲವು ಸೀಲ್ ವ್ಯಾಕ್ಯೂಮ್‌ನಲ್ಲಿ ಗಟ್ಟಿಯಾಗಿ ಕೂತು, ಒತ್ತಡ ಬಂದಾಗ ಬಿಡುತ್ತೆ. ಅದೇ ರೀತಿ ವ್ಯಾಕ್ಯೂಮ್ ಸ್ವಲ್ಪ ಇಳಿದ ಮಾತ್ರಕ್ಕೆ ಲೀಕ್ ಅಂತಲೂ ಅಲ್ಲ: ಒಳಗಿನ ತೇವ ಆವಿಯಾಗಿರಬಹುದು, ಎಣ್ಣೆಯಲ್ಲಿ ಕರಗಿದ್ದ ಗ್ಯಾಸ್ ಬಿಟ್ಟಿರಬಹುದು, ಗೇಜಿನ ಪೈಪೇ ಸೋರ್ತಿರಬಹುದು.

ಮೂರನೇದು ನಮ್ಮ ಕಡೆಗೆ ಬಹಳ ಮುಖ್ಯ. ಒಣ ನೈಟ್ರೋಜನ್ ತುಂಬಿ ರಾತ್ರಿಯಿಡೀ ಬಿಡೋದು ಒಳ್ಳೇ ಪರೀಕ್ಷೆ. ಆದರೆ ಮಧ್ಯಾಹ್ನ 40 ಡಿಗ್ರಿಯಲ್ಲಿ 150 ಪಿಎಸ್‌ಐ ತುಂಬಿ, ಬೆಳಗ್ಗೆ 25 ಡಿಗ್ರಿಯಲ್ಲಿ ನೋಡಿದರೆ ಮುಳ್ಳು 142ಕ್ಕೆ ಬಂದಿರುತ್ತೆ. ಎಂಟು ಪಿಎಸ್‌ಐ ಎಲ್ಲೂ ಸೋರಿಲ್ಲ; ಅನಿಲ ತಣ್ಣಗಾದರೆ ಒತ್ತಡ ಇಳಿಯುತ್ತೆ ಅನ್ನೋ ಶಾಲೆಯ ಪಾಠ, ಅಷ್ಟೇ. ಅದೇ ಹೊತ್ತಿಗೆ, ಅದೇ ಬಿಸಿಗೆ ಹೋಲಿಸಿ ನೋಡಬೇಕು.

ನಾಲ್ಕನೇದು, ಬಣ್ಣ ಹಾಕಿ ನೀಲಿ ಬೆಳಕಲ್ಲಿ ನೋಡೋ ಪರೀಕ್ಷೆ. ಹಳೆ ಕಾರಿಗೆ ಹಿಂದೆ ಯಾರೋ ಹಾಕಿದ್ದ ಬಣ್ಣ ಒರೆಸದೇ ಉಳಿದಿರುತ್ತೆ. ಗ್ಯಾಸ್ ಹಾಕೋ ಬಾಯಿ ಹತ್ತಿರವಂತೂ ಯಾವಾಗಲೂ ಸ್ವಲ್ಪ ಇರುತ್ತೆ. ಮೊದಲು ಪೂರ್ತಿ ಒರೆಸಿ, ಕೆಲವು ದಿನ ಓಡಿಸಿ, ಆಮೇಲೆ ನೋಡಬೇಕು. ಎಲೆಕ್ಟ್ರಾನಿಕ್ ಉಪಕರಣ ಇದ್ದರೆ ಜೋಡಣೆಯ ಕೆಳಗೆ ಹಿಡೀಬೇಕು, ಈ ಗ್ಯಾಸ್ ಗಾಳಿಗಿಂತ ಭಾರ. ಫ್ಯಾನ್ ಆಫ್ ಇರಬೇಕು. ಪೆಟ್ರೋಲ್ ಆವಿಗೂ ಅದು ಕೂಗುತ್ತೆ, ಆದ್ದರಿಂದ ಒಂದೇ ಸಲ ಕೂಗಿದ್ದನ್ನ ನಂಬಬಾರದು. ಸಿಕ್ಕ ಜಾಗಕ್ಕೆ ಸೋಪಿನ ನೊರೆ ಹಚ್ಚಿ ಗುಳ್ಳೆ ಎದ್ದರೆ ಅದು ಲೀಕ್.

ಇವೆಲ್ಲದಕ್ಕೂ ಮೊದಲು ಕೇಳಬೇಕಾದ್ದು ಚಾಚಾನ ಪ್ರಶ್ನೆ: ಯಾವಾಗ ತಂಪು, ಯಾವಾಗ ಇಲ್ಲ?

ಊರಿನ ಗಾಳಿ, ಊರಾಚೆಯ ಗಾಳಿ

'ಏನೋ ಸ್ವಲ್ಪ ಗ್ಯಾಸ್ ಜಾಸ್ತಿ ಖರ್ಚಾಯ್ತು, ಬಿಡಿ' ಅನ್ನಬಹುದು. ಆದರೆ 134ಎ ಓಝೋನ್ ತಿನ್ನದಿದ್ದರೂ ಭೂಮಿಯ ಬಿಸಿ ಏರಿಸುತ್ತೆ. ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು. ಅದಕ್ಕೇ 2016ರಲ್ಲಿ ಕಿಗಾಲಿ ತಿದ್ದುಪಡಿ ಬಂತು, ಭಾರತ 2021ರಲ್ಲಿ ಅದನ್ನ ಒಪ್ಪಿತು. ಸೀಲ್ ಬದಲಿಸುವಾಗ, ಕಾಯಿಲ್ ಬದಲಿಸುವಾಗ ನನ್ನ ಕಾರಿನ ಗ್ಯಾಸನ್ನ ಎರಡು ಸಲ ಗಾಳಿಗೆ ಬಿಟ್ಟಿದ್ದರು. ಒಂದೂಕಾಲು ಕೆಜಿಗೂ ಮೇಲೆ ಹೋಗಿರಬೇಕು. ಸೆಕೆಗೆ ಹೆದರಿ ಎಸಿ ರಿಪೇರಿ ಮಾಡಿಸಿ, ಸೆಕೆ ಹೆಚ್ಚಿಸೋ ಗ್ಯಾಸನ್ನೇ ಮೇಲಕ್ಕೆ ಕಳಿಸಿದೆ.

ಚಾಚಾ ಫ್ಯಾನ್ ಮೋಟರ್ ಹಾಕಿದರು, ಕಂಡೆನ್ಸರ್ ತೊಳೆದರು, 650 ಗ್ರಾಂ ತೂಗಿ ತುಂಬಿದರು. ಹಿಂದಿನ ಖರ್ಚಿನ ಕಾಲು ಭಾಗವೂ ಆಗಲಿಲ್ಲ. ಈಗ ಹದಿನೈದು ದಿನಕ್ಕೊಮ್ಮೆ ನಾನೇ ಪೈಪ್ ಹಿಡಿದು ಮುಂದಿನ ಜಾಲರಿಗೆ ನೀರು ಬಿಡ್ತೀನಿ, ನಿಧಾನಕ್ಕೆ, ರೆಕ್ಕೆ ಬಾಗದ ಹಾಗೆ. ನಂತರ ಎಸಿ ಹಾಕಿ, ಇಳಿದು, ಫ್ಯಾನ್ ತಿರುಗ್ತಿದೆಯಾ ಅಂತ ನೋಡ್ತೀನಿ.

ಅಪ್ಪ ಈಗಲೂ ವಾರಕ್ಕೆರಡು ಸಲ ಹೋಗ್ತಾರೆ. ಹೋದ ವಾರ ಶಹಾಪುರದಲ್ಲಿ ಮತ್ತೆ ಟ್ರ್ಯಾಕ್ಟರ್ ಸಾಲು, ಹತ್ತು ನಿಮಿಷ ನಿಂತ್ವಿ. ಅಭ್ಯಾಸಬಲದಿಂದ ನಾನು ಅವರ ಮುಖ ನೋಡಿದೆ. ಅವರು ಹೆಗಲ ಮೇಲಿನ ಟವೆಲ್ ಬಿಚ್ಚಿ ಹೊದ್ದುಕೊಂಡು, "ಸ್ವಲ್ಪ ಕಡಿಮಿ ಮಾಡೋ ತಮ್ಮಾ, ಥಂಡಿ ಹತ್ತಲತ್ತದ," ಅಂದರು.

ಕಡಿಮೆ ಮಾಡಿದೆ. ಇಷ್ಟೇ ಇವತ್ತಿನ ಸಂಚಿಕೆ.